ಹಿಂದಿನ ಸೀಟಿಗೆ ಬಿಸಿಗಾಳಿ

ಸ್ಕ್ರೂಡ್ರೈವರಿನ ತುದಿ ತಗಡಿನೊಳಕ್ಕೆ ಹೋದಾಗ ಸದ್ದೇ ಆಗಲಿಲ್ಲ. ಅವನು ಚುಚ್ಚಿರಲಿಲ್ಲ, ಒತ್ತಿಯೂ ಇರಲಿಲ್ಲ; ಕಾರಿನ ಕೆಳಗೆ ಅಂಗಾತ ಮಲಗಿ ವಾಲ್ವಿನ ಮುಚ್ಚಳದ ಮೇಲಿನ ಜಿಡ್ಡು ಕೆರೆಯುತ್ತಿದ್ದಾಗ ಕೈ ಜಾರಿ ಪಕ್ಕದ ಹೀಟರ್ ಪೆಟ್ಟಿಗೆಗೆ ತಗಲಿತ್ತು, ಅಷ್ಟೆ. ನೆನೆದ ರಟ್ಟಿನ ಹಾಗೆ ತಗಡು ಜಾಗ ಬಿಟ್ಟುಕೊಟ್ಟಿತು. ತುಕ್ಕಿನ ಪುಡಿ ಉದುರಿ ಕನ್ನಡಕದ ಮೇಲೆ ಬಿತ್ತು. ಊರಿನ ಅರ್ಧ ಜನಕ್ಕೆ ಕನ್ನಡಕ ಮಾಡಿಕೊಟ್ಟವನು ತನ್ನದನ್ನು ಒರೆಸಿಕೊಳ್ಳಲು ಒಂದು ಒಣ ಬಟ್ಟೆ ಸಿಗದೆ ಅಂಗಿಯ ತೋಳಿಗೆ ಉಜ್ಜಿದ. ಗಾಜಿನ ತುಂಬ ಎಣ್ಣೆಯ ಮಂಜು ಹರಡಿಕೊಂಡಿತು. ಒಳಗಿನಿಂದ ಅಕ್ಕ ಬೀರುವಿನ ಬಾಗಿಲು ತೆಗೆಯುವ, ಹಾಕುವ ಸದ್ದು ಕೇಳುತ್ತಿತ್ತು. ಅಮ್ಮನ ಕೋಣೆ ಖಾಲಿ ಮಾಡಲೆಂದು ನಿನ್ನೆ ಬಂದವಳು ಇವತ್ತು ಸಂಜೆಯ ಬಸ್ಸಿಗೆ ಹೊರಡುವವಳಿದ್ದಳು. ಆ ಕೋಣೆಯಲ್ಲಿ ತಾನೂ ನಿಂತು ಇದು ಯಾರಿಗೆ, ಅದು ಯಾರಿಗೆ ಎಂದು ಹೇಳಬೇಕಾಗುತ್ತದೆಂಬ ಹೆದರಿಕೆಗೇ ಅವನು ಬೆಳಿಗ್ಗೆ ಎದ್ದವನು ಸೀದಾ ಶೆಡ್ಡಿಗೆ ಬಂದಿದ್ದ. "ಅಕ್ಕ ಬಂದಿರೋ ದಿನಾನೂ ಅದರ ಹೊಟ್ಟೆ ಕೆಳಗೆ ಸೇರ್ಕೋಬೇಕಾ?" ಎಂದು ಹೆಂಡತಿ ಕೇಳಿದ್ದಳು. "ಸಂಜೆ ಅವಳನ್ನ ಬಸ್ ಸ್ಟ್ಯಾಂಡಿಗೆ ಬಿಡೋದು ಇದರಲ್ಲೇ ತಾನೆ, ಒಂದು ಸಲ ನೋಡ್ಬಿಡ್ತೀನಿ" ಎಂದಿದ್ದ. ನೋಡುವುದೇನೂ ಇರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ತಣ್ಣಗಿರುವ ಎಂಜಿನ್ನಿನ ಕೆಳಗೆ ಮಲಗಿದರೆ ಯಾರೂ ಕರೆಯುವುದಿಲ್ಲ, ಕರೆದರೂ ಕೇಳಿಸಲಿಲ್ಲ ಎನ್ನಬಹುದು.

ಟಾರ್ಚು ಹಿಡಿದು ತೂತಿನೊಳಗೆ ನೋಡಿದ. ಆ ಕಾರಿಗೆ ನೀರಿಲ್ಲ, ರೇಡಿಯೇಟರಿಲ್ಲ. ಬೆನ್ನಿಗೆ ಕಟ್ಟಿಕೊಂಡಂತೆ ಹಿಂದುಗಡೆ ಎಂಜಿನ್ನು, ಅದನ್ನು ತಣ್ಣಗಿಡಲು ಒಂದು ದೊಡ್ಡ ಫ್ಯಾನು. ಆ ಫ್ಯಾನಿನ ಗಾಳಿಯನ್ನೇ ಒಂದಿಷ್ಟು, ಹೊಗೆ ಕೊಳವೆಯ ಸುತ್ತ ತೊಡಿಸಿದ ತಗಡಿನ ಪೆಟ್ಟಿಗೆಯಲ್ಲಿ ಹಾಯಿಸಿ, ಬಿಸಿ ಮಾಡಿ, ಬಾಗಿಲುಗಳ ಕೆಳಗಿನಿಂದ ಕೂತವರ ಕಾಲ ಬಳಿಗೆ ಕಳಿಸುತ್ತಾರೆ. ಕೊಳವೆಯ ಒಳಗೆ ಹೊಗೆ, ಹೊರಗೆ ಉಸಿರಾಡುವ ಗಾಳಿ. ನಡುವೆ ಒಂದು ತೆಳು ಗೋಡೆ. ಟಾರ್ಚಿನ ಬೆಳಕಿನಲ್ಲಿ ಆ ಗೋಡೆಯ ಮೇಲೆ, ಬಾಗಿದ ಕಡೆ, ಬೆರಳುದ್ದದ ಬಿರುಕು ಕಂಡಿತು. ಹೊಸ ಬಿರುಕಾದರೆ ಲೋಹ ಹೊಳೆಯುತ್ತದೆ. ಇದರ ಎರಡೂ ತುಟಿಗಳು ಕಪ್ಪಗಿದ್ದವು. ಸುತ್ತಲೂ ಮಸಿ ಪದರ ಪದರವಾಗಿ ಕಟ್ಟಿತ್ತು. ಅವನು ಟಾರ್ಚು ಆರಿಸಿದ. ಮತ್ತೆ ಹಚ್ಚಿದ. ಅವನ ಕನ್ನಡಕದ ಅಂಗಡಿಗೆ ಬರುವ ಮುದುಕರು ಹೀಗೇ ಮಾಡುತ್ತಾರೆ: ಗೋಡೆಯ ಮೇಲಿನ ಅಕ್ಷರಪಟದ ಕೊನೆಯ ಸಾಲು ಓದಲಾಗದೆ ಕಣ್ಣು ಮುಚ್ಚಿ, ಮತ್ತೆ ಬಿಟ್ಟು, ಅಷ್ಟರಲ್ಲಿ ಅಕ್ಷರ ಬೇರೆಯಾಗಿರಬಹುದೇನೋ ಅನ್ನುವ ಹಾಗೆ ನೋಡುತ್ತಾರೆ.

ಹೋದ ಚಳಿಗಾಲಕ್ಕೆ ಮುಂಚೆ ಒಂದು ಜ್ವರ ಬಂದು ಹೋಗಿತ್ತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಹೋಗುತ್ತ ಮೂಗಿನ ಒಳಗಿನದನ್ನೂ ತೆಗೆದುಕೊಂಡು ಹೋಯಿತು. ಮೊದಲು ಅವನಿಗೆ ಗೊತ್ತಾದದ್ದು ಸೋಪಿನಿಂದ. ಸ್ನಾನದ ಮನೆಯಲ್ಲಿ ಸೋಪು ಒಂದು ಜಾರುವ ಕಲ್ಲಾಗಿತ್ತು. ನಾಳೆ ಬರುತ್ತದೆ ಎಂದುಕೊಂಡ, ನಾಳೆ ಬರಲಿಲ್ಲ. ಆಮೇಲೆ ಹೇಳಲು ನಾಚಿಕೆಯಾಯಿತು. ಕಾಲು ಮುರಿದರೆ ಹೇಳಬಹುದು, ಕಣ್ಣು ಮಂಜಾದರೆ ಹೇಳಬಹುದು, ವಾಸನೆ ಬರುವುದಿಲ್ಲ ಎಂದರೆ ಜನ ನಗುತ್ತಾರೆ, ಒಳ್ಳೆಯದೇ ಆಯ್ತಲ್ಲ ಎನ್ನುತ್ತಾರೆ. ಒಂದು ದಿನ ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದಾಗ ಹಾಲಿನ ಪಾತ್ರೆ ತಳ ಹತ್ತಿ ಕರಕಲಾಯಿತು. ಹೆಂಡತಿ ಹಿತ್ತಲಿನಿಂದ ಓಡಿ ಬಂದಳು. "ಪಕ್ಕದಲ್ಲೇ ಕೂತಿದ್ದೀರಲ್ರೀ, ಬೀದಿಗೆಲ್ಲ ವಾಸನೆ ಹೊಡೀತಿದೆ!" ಎಂದಳು. "ಯೋಚನೆಲಿದ್ದೆ" ಎಂದ. ಅವಳು ಅವನನ್ನೇ ಒಂದು ಕ್ಷಣ ನೋಡಿ ಪಾತ್ರೆಗೆ ನೀರು ಹಾಕಿದಳು. ಅಂಗಡಿಯಲ್ಲಿ ಅವನು ಅಂಥವರನ್ನು ದಿನಾ ಹಿಡಿಯುತ್ತಿದ್ದ: ಹಿಂದಿನವನು ಓದುವಾಗ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಕುರ್ಚಿಯಲ್ಲಿ ಕೂತು ಸರಾಗವಾಗಿ ಒಪ್ಪಿಸುವವರು. ಅವನು ನಗುತ್ತ, ಸದ್ದಿಲ್ಲದೆ, ಪಟ ಬದಲಾಯಿಸುತ್ತಿದ್ದ. ಅವನ ಪಟ ಯಾರೂ ಬದಲಾಯಿಸಲಿಲ್ಲ. ಊಟಕ್ಕೆ ಕೂತಾಗ ಹೆಂಡತಿಯ ಮುಖ ನೋಡಿ, ಹಬೆ ನೋಡಿ, "ಚೆನ್ನಾಗಿದೆ" ಎನ್ನುತ್ತಿದ್ದ.

ಗಾಳಿ ಎಂಜಿನ್ನಿಗೆ ಮೀಟರು ಬೇಡ, ಮೂಗು ಸಾಕು ಎಂದು ಈ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಹೇಳುತ್ತಿದ್ದ. ಎಣ್ಣೆ ಸುಟ್ಟರೆ ಒಂದು ವಾಸನೆ, ಬೆಲ್ಟು ಜಾರಿದರೆ ಒಂದು, ಪೆಟ್ರೋಲು ಸೋರಿದರೆ ಒಂದು, ಹೊಗೆ ಒಳಗೆ ಬಂದರೆ ಇನ್ನೊಂದು. ಎಷ್ಟೋ ವರ್ಷ ಅವನು ಗ್ಯಾರೇಜಿನ ಮೆಟ್ಟಿಲು ಹತ್ತದೆ, ಮನೆಯ ಶೆಡ್ಡಿನಲ್ಲೇ ಆ ಕಾರನ್ನು ಸಾಕಿದ್ದು ಮೂಗಿನಿಂದಲೇ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನೀವು ಇದನ್ನ ಹೆತ್ತೂ ಇಲ್ಲ" ಎಂದು ಹೆಂಡತಿ ಹಂಗಿಸುತ್ತಿದ್ದಳು. ಅವಳು ಆ ಕಾರು ಹತ್ತುತ್ತಿರಲಿಲ್ಲ; ನಾರುತ್ತದೆ ಎಂದು ಅವಳು ಮೊದಲ ದಿನದಿಂದ ಹೇಳಿದ್ದಳು, ಆದ್ದರಿಂದ ಅವಳು ಹಾಗೆಂದಾಗ ಯಾವತ್ತೂ ಅದು ಸುದ್ದಿಯಾಗಿರಲಿಲ್ಲ. ಅಮ್ಮ ಮಾತ್ರ ಹತ್ತುತ್ತಿದ್ದಳು. ಗುಂಡು ಬೆನ್ನು, ಉಬ್ಬಿದ ಎರಡು ದೀಪ. ಅಮ್ಮ ಅದನ್ನು ಕಪ್ಪೆ ಎಂದೇ ಕರೆಯುತ್ತಿದ್ದಳು. "ಕಪ್ಪೆಗೆ ಎಣ್ಣೆ ಕುಡಿಸಿದೆಯೇನೋ?" ಎಂದು ಹೊರಡುವ ಮುಂಚೆ ಕೇಳುವಳು. ಮಂಡಿನೋವಿಗೆ ವಾರವಾರ ಬೆಟ್ಟದಾಚೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಚಳಿ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಚಳಿ ಶುರುವಾಗುವ ಮೊದಲು ಅವನು ಬಾಗಿಲುಗಳ ಹಳೇ ರಬ್ಬರನ್ನೆಲ್ಲ ಕಿತ್ತು, ಹೊಸದನ್ನು ಅಂಟಿಸಿ, ಹಿಂದಿನ ಕಿಟಕಿಗಳ ಸಂದುಗೊಂದನ್ನೂ ಬಿಡದೆ ಮುಚ್ಚಿದ್ದ. ಒಳಗೆ ಕೂತು ಬಾಗಿಲು ಹಾಕಿದರೆ ಕಿವಿ ಗುಯ್‌ಗುಟ್ಟುವಷ್ಟು ಬಿಗಿ. ತನ್ನ ಪಕ್ಕದ ಕಿಟಕಿಯ ರಬ್ಬರು ಮಾತ್ರ ಸಾಲದೆ ಬಂದು ಒಂದು ಸಂದು ಉಳಿದಿತ್ತು, ತನಗೆ ತಾನೆ ಎಂದು ಬಿಟ್ಟಿದ್ದ. ಹ್ಯಾಂಡ್‌ಬ್ರೇಕಿನ ಪಕ್ಕದಲ್ಲಿ ಎರಡು ಹಿಡಿಗಳು: ಒಂದು ಬಿಸಿಗಾಳಿ ಬಿಡಲು, ಇನ್ನೊಂದು ಅದನ್ನು ಹಿಂದಿನ ಸೀಟಿಗೆ ಕಳಿಸಲು. ಅವನು ಎರಡನ್ನೂ ಎಳೆದು, ಮುಂದಿನ ಕಿಂಡಿಗಳನ್ನು ಕಾಲಿನಿಂದಲೇ ಮುಚ್ಚಿ, ಇದ್ದಬದ್ದ ಬಿಸಿಯನ್ನೆಲ್ಲ ಹಿಂದಕ್ಕೆ ಹರಿಸುತ್ತಿದ್ದ. "ಬೆಚ್ಚಗಿದೆಯಾಮ್ಮಾ?" "ಬೆಚ್ಚಗಿದೆ ಕಣೋ." ಕನ್ನಡಿಯಲ್ಲಿ ನೋಡಿದರೆ ಅಮ್ಮ ಶಾಲು ಹೊದ್ದು, ಗಲ್ಲ ಎದೆಗೆ ಆನಿಸಿ, ಮಗುವಿನ ಹಾಗೆ ನಿದ್ದೆ ಹೋಗಿರುತ್ತಿದ್ದಳು. ಅವನಿಗೆ ಹೆಮ್ಮೆಯಾಗುತ್ತಿತ್ತು. ಒಂದೇ ಒಂದು ಸಲ, ಮೊದಮೊದಲು, "ಏನೋ ಕಮಟು ವಾಸನೆ ಬರತ್ತಲ್ಲೋ" ಎಂದಿದ್ದಳು. ಅವನು ಮೂಗನ್ನು ಮೇಲೆತ್ತಿ, ಉಸಿರೆಳೆದು, ಪರೀಕ್ಷಿಸಿದವನ ಹಾಗೆ ಮಾಡಿ, "ಏನೂ ಇಲ್ಲಮ್ಮ, ಹಳೇ ಗಾಡಿ ಅಂದ್ಮೇಲೆ ಅಷ್ಟಿರತ್ತೆ" ಎಂದಿದ್ದ. ಮಗನಿಗೆ ಗೊತ್ತಿರುವ ವಿಷಯ ಎಂದು ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಇಳಿಯುವಾಗ ತಲೆ ಭಾರ, ವಾಕರಿಕೆ, ಒಂದೊಂದು ಸಲ ಎಲ್ಲಿಗೆ ಬಂದಿದ್ದೇವೆಂದೇ ತಿಳಿಯದೆ ಅವನ ಕೈ ಹಿಡಿದುಕೊಂಡು ನಿಂತುಬಿಡುವಳು. ವಯಸ್ಸಾಯಿತು ಎಂದರು ಡಾಕ್ಟರು. ಬೆಟ್ಟದ ತಿರುವುಗಳು ಎಂದ ಅವನು. ಹೋದ ತಿಂಗಳು, ಕೊನೆಯ ಸಲ ಹೋಗಿಬಂದು ಒಂದೆರಡು ದಿನ ಏಳಲಾರದೆ ಮಲಗಿದ್ದವಳು ಒಂದು ಮಧ್ಯಾಹ್ನ ಹಾಗೆಯೇ ಹೋಗಿಬಿಟ್ಟಳು. ಹಾರ್ಟು, ಎಂದರು.

"ಟೀ ಆರಿಹೋಗತ್ತೆ, ಬರ್ತೀರೋ ಇಲ್ವೋ?" ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕಾರಿನ ಕೆಳಗಿನಿಂದ ಅವನಿಗೆ ಅವಳ ಚಪ್ಪಲಿ, ಹಿಮ್ಮಡಿ ಮಾತ್ರ ಕಾಣುತ್ತಿದ್ದವು. ಆ ಹಿಮ್ಮಡಿಗಳಿಗೆ ಹೇಳಿಬಿಡುವುದು ಸುಲಭ ಎನ್ನಿಸಿತು. "ಬಂದೆ" ಎಂದ.

ಅಮ್ಮನ ಕೋಣೆಯಲ್ಲಿ ಹಾಸಿಗೆಯ ಮೇಲೆ ಬಟ್ಟೆಗಳ ಮೂರು ಗುಡ್ಡೆಗಳಾಗಿದ್ದವು. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವನಿಗಿಂತ ಎಂಟು ವರ್ಷಕ್ಕೆ ದೊಡ್ಡವಳು. ದೂರದ ಊರಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು ಈಗ ನಿವೃತ್ತಳಾದವಳು, ಅಳುವುದನ್ನೂ ಅಚ್ಚುಕಟ್ಟಾಗಿ ಅತ್ತು ಮುಗಿಸುವವಳು. ಅವನ ಕೈ ನೋಡಿ, "ಮುಟ್ಬೇಡ ಏನನ್ನೂ" ಎಂದಳು. ಆಮೇಲೆ ತಾನೇ ಬೂದು ಬಣ್ಣದ ಶಾಲನ್ನು ಎತ್ತಿಕೊಂಡಳು. "ಇದನ್ನ ಒಗೀಬೇಡಿ ಅಂತ ನಾನೇ ಫೋನಲ್ಲಿ ಹೇಳಿದ್ದೆ." ಮುಖವನ್ನು ಅದರಲ್ಲಿ ಹುದುಗಿಸಿ ಉಸಿರೆಳೆದುಕೊಂಡಳು. "ಇನ್ನೂ ಇದೆ ಕಣೋ, ಅಮ್ಮನ ವಾಸನೆ. ನೋಡು." ಎದ್ದು ಬಂದು ಶಾಲನ್ನು ಅವನ ಮೂಗಿಗೆ ಹಿಡಿದಳು. ಉಣ್ಣೆ ಮೇಲ್ದುಟಿಗೆ ಚುಚ್ಚಿತು. ಅವನು ಉಸಿರೆಳೆದ. ತಣ್ಣನೆ ಗಾಳಿ ಒಳಗೆ ಹೋಯಿತು, ಬೆಚ್ಚಗಾಗಿ ಹೊರಗೆ ಬಂತು. ಗೋಡೆಯನ್ನು ಮೂಸಿದ ಹಾಗೆ. "ಹೂಂ" ಎಂದ. "ಇದೆ." ಅಕ್ಕನ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು. "ಅಮ್ಮನದಕ್ಕಿಂತ ನಿನ್ನ ಕಪ್ಪೇದೇ ಜಾಸ್ತಿ. ಹೊಗೆ ಹೊಗೆ. ಕಾರಿಗೆ ಅಂತಲೇ ಇಟ್ಕೊಂಡಿದ್ಲಲ್ಲ ಇದನ್ನ. ಪರವಾಗಿಲ್ಲ ಬಿಡು, ಇನ್ಮೇಲೆ ನನಗೆ ಅಮ್ಮನ ವಾಸನೆ ಅಂದ್ರೆ ಇದೇ." ಶಾಲನ್ನು ಮಡಚಿ ತನ್ನ ಗುಡ್ಡೆಯ ಮೇಲಿಟ್ಟುಕೊಂಡಳು. ಅವನು ಟೀ ಲೋಟ ಹಿಡಿದು ನಿಂತೇ ಇದ್ದ. ಲೋಟದ ಬಿಸಿ ಬೆರಳಿಗೆ ತಾಗುತ್ತಿತ್ತು. ಅದೊಂದು ಮಾತ್ರ ನಿಜವಾಗಿ ತಾಗುತ್ತಿತ್ತು.

ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆಯುತ್ತ, ಸೋಪಿನ ನೊರೆ ಕಪ್ಪಾಗಿ ಇಳಿಯುವುದನ್ನು ನೋಡುತ್ತ, ಅವನು ಹೆಂಡತಿಗೆ ಹೇಳಿದ. ಮೊದಲು ತೂತಿನ ವಿಷಯ, ಆಮೇಲೆ ಬಿರುಕು, ಆಮೇಲೆ ಮಸಿ. ಅಂಗಡಿಯಲ್ಲಿ ಗಿರಾಕಿಗೆ ಮಸೂರದ ದೋಷ ವಿವರಿಸುವಂಥದೇ ದನಿ. ಅವಳು ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಡಲಿಲ್ಲ. "ಹಾರ್ಟು ಅಂದ್ರಲ್ಲ ಡಾಕ್ಟರು" ಎಂದಳು.

"ಅಂದ್ರು."

"ಮತ್ತೆ? ಅಷ್ಟು ವಯಸ್ಸಾಗಿತ್ತು. ನೀವೂ ಅದೇ ಕಾರಲ್ಲಿ ಕೂತಿರ್ಲಿಲ್ವಾ, ನಿಮಗೇನಾಯ್ತು?"

"ನನ್ನ ಕಡೆ ಕಿಟಕೀಲಿ ಸಂದು ಇತ್ತು. ಬಿಸಿಯನ್ನೆಲ್ಲ ನಾನು ಹಿಂದಕ್ಕೆ ಬಿಡ್ತಿದ್ದೆ."

ಅವಳ ಚಾಕು ನಿಂತಿತು. "ಹೊಗೆ ಅಂದ್ರೆ ವಾಸನೆ ಬರ್ಬೇಕಲ್ಲ. ನಿಮಗೆ ಗೊತ್ತಾಗ್ಲಿಲ್ವಾ? ಎಣ್ಣೆ ತೊಟ್ಟಿಕ್ಕಿದ್ರೆ ಬೀದಿ ತುದಿಯಿಂದ ಹೇಳ್ತಿದ್ರಿ ನೀವು."

"ನನಗೆ ವಾಸನೆ ಬರಲ್ಲ" ಎಂದ. ನಲ್ಲಿ ನಿಲ್ಲಿಸಿರಲಿಲ್ಲವಾದ್ದರಿಂದ ಮತ್ತೊಮ್ಮೆ ಹೇಳಬೇಕಾಯಿತು. "ಆ ಜ್ವರ ಬಂದಾಗಿಂದ. ಯಾವ ವಾಸನೇನೂ ಇಲ್ಲ. ರುಚೀನೂ ಅಷ್ಟಕ್ಕಷ್ಟೆ."

ಅವಳು ಬಯ್ಯುತ್ತಾಳೆ, ಅಳುತ್ತಾಳೆ, ಇಲ್ಲವೇ ಹತ್ತಿರ ಬಂದು ಭುಜ ಮುಟ್ಟುತ್ತಾಳೆ ಎಂದು ಅವನು ಮೂರಕ್ಕೂ ಸಿದ್ಧನಾಗಿ ನಿಂತಿದ್ದ. ಅವಳು ಹಲಗೆಯ ಮೇಲಿನ ತರಕಾರಿಯನ್ನು ನೋಡುತ್ತಿದ್ದಳು. "ಹಾಗಾದ್ರೆ ದಿನಾ ಊಟಕ್ಕೆ ಕೂತು, ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರಲ್ಲ" ಎಂದಳು ನಿಧಾನವಾಗಿ, "ಅದು?" ಅವನು ನಲ್ಲಿ ನಿಲ್ಲಿಸಿದ. ಅವಳೇ ಮುಂದುವರಿಸಿದಳು: "ವರ್ಷದ ಮೇಲಾಯ್ತು. ಇಷ್ಟು ವರ್ಷ ಬಾಯಿ ಬಿಡದವರು ಈಗ ದಿನಾ ಹೇಳ್ತಾರಲ್ಲ ಅಂತ ನಾನು..." ಮಾತು ಮುಗಿಸದೆ ಹೆಚ್ಚಿದ್ದನ್ನೆಲ್ಲ ಪಾತ್ರೆಗೆ ಸುರಿದಳು. ಅವನಿಗೆ ಆಗ ಹೊಳೆಯಿತು: ಈ ವರ್ಷ ಅವಳು ಅಡುಗೆಮನೆಯಲ್ಲಿ ಗುನುಗುತ್ತಿದ್ದಳು, ಪಕ್ಕದ ಮನೆಯವಳನ್ನು ಕೇಳಿ ಹೊಸ ಹೊಸದೇನೋ ಮಾಡುತ್ತಿದ್ದಳು, ಬಡಿಸಿ ಎದುರಿಗೇ ಕೂರುತ್ತಿದ್ದಳು. ಸತ್ತವಳೊಬ್ಬಳ ವಿಷಯ ಹೇಳಲು ಬಂದು ಬದುಕಿರುವವಳಿಂದಲೂ ಏನನ್ನೋ ಕಿತ್ತುಕೊಂಡಿದ್ದ. "ಅಕ್ಕನಿಗೆ ಹೇಳ್ಬೇಕು" ಎಂದ. ಅವಳು ತಿರುಗಿದಳು. ಕಣ್ಣು ಒಣಗಿದ್ದವು. "ಹೇಳಿ. ಹೇಳಿ ನೀವು ಹಗುರ ಆಗ್ತೀರಿ. ಅವರು ಅದನ್ನ ಬಸ್ಸಲ್ಲಿ ಹೊತ್ಕೊಂಡು ಹೋಗ್ಬೇಕು, ಒಬ್ಬರೇ. ನರ್ಸು ಬೇರೆ ಅವರು. ಹೊಗೆ ಕುಡಿದ್ರೆ ಮನುಷ್ಯ ಹೇಗೆ ನಿದ್ದೆ ಬಂದ ಹಾಗೇ ಹೋಗ್ಬಿಡ್ತಾನೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರತ್ತೆ."

ಸಂಜೆ ಬಾಡಿಗೆ ಗಾಡಿ ತರಿಸೋಣ ಎಂದು ನೋಡಿದ. "ಮನೇಲಿ ಗಾಡಿ ಇಟ್ಕೊಂಡು ಅದ್ಯಾಕೋ? ಅಮ್ಮನ ಸಾಮಾನು ಅಮ್ಮ ಕೂರ್ತಿದ್ದ ಗಾಡೀಲೇ ಹೋಗ್ಲಿ" ಎಂದಳು ಅಕ್ಕ. ಮುಂದಿನ ಸೀಟಿನ ತುಂಬ ಗಂಟುಗಳನ್ನು ಪೇರಿಸಿ ತಾನು ಹಿಂದೆ, ಅಮ್ಮ ಕೂರುತ್ತಿದ್ದ ಕಡೆಯೇ ಕೂತಳು. ಅವನು ಎರಡು ಹಿಡಿಗಳನ್ನೂ ಕೆಳಗೆ ಒತ್ತಿ ಒತ್ತಿ ನೋಡಿದ. ತೂತು ಬಿದ್ದ ಪೆಟ್ಟಿಗೆ ಹಿಡಿಯ ಮಾತು ಎಷ್ಟು ಕೇಳುತ್ತದೋ ತಿಳಿಯದೆ ಎರಡೂ ಕಡೆಯ ಗಾಜುಗಳನ್ನು ಪೂರ್ತಿ ಇಳಿಸಿದ. ಗೇಟಿನಲ್ಲಿ ಹೆಂಡತಿ ಅಕ್ಕನಿಗೆ ಕೈಬೀಸಿದಳು, ಅವನ ಕಡೆ ನೋಡಲಿಲ್ಲ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಮಫ್ಲರು ಸುತ್ತಿಕೊಂಡು ನಿಂತಿದ್ದರು. "ಏನ್ಸಾರ್, ಈ ಚಳೀಲಿ ಗಾಜು ಇಳಿಸ್ಕೊಂಡು ಸವಾರಿ? ಕಪ್ಪೆಗೆ ಶೀತ ಆಗತ್ತೆ!" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಅವನೂ ಹಲ್ಲು ತೋರಿಸಿದ.

ಕೆರೆಯ ಏರಿಯ ಮೇಲೆ ಗಾಳಿ ಕತ್ತಿಯ ಹಾಗೆ ಬೀಸುತ್ತಿತ್ತು. "ಗಾಜು ಏರ್ಸೋ" ಎಂದಳು ಅಕ್ಕ. "ಬೇಡ" ಎಂದ. "ಬೇಡ ಅಂದ್ರೆ? ಕಿವಿ ಕಿತ್ತು ಬರ್ತಿದೆ." "ಕೆಟ್ಟಿದೆ, ಮೇಲಕ್ಕೆ ಬರಲ್ಲ." ಅವಳು ಮುಂದಕ್ಕೆ ಬಗ್ಗಿ ಎಡಗಡೆಯ ಬಾಗಿಲಿನ ಹಿಡಿ ತಿರುಗಿಸಿದಳು; ಗಾಜು ಸಲೀಸಾಗಿ ಮೇಲೆ ಬಂತು. ಅವನು ಗಾಡಿ ಓಡಿಸುತ್ತಲೇ ಗಂಟುಗಳ ಮೇಲೆ ಕೈ ಚಾಚಿ ಅದನ್ನು ಮತ್ತೆ ಇಳಿಸಿದ. ಕನ್ನಡಿಯಲ್ಲಿ ಅವಳ ಮುಖ ಬಿಗಿದುಕೊಂಡಿತ್ತು. ಚಿಕ್ಕವನಿದ್ದಾಗ ಅವಳ ಪೆನ್ನಿನ ನಿಬ್ಬು ಮುರಿದು, ನಾನಲ್ಲ ಎಂದು ಸಾಧಿಸಿದ್ದಾಗ ಹೀಗೇ ನೋಡಿದ್ದಳು. "ಹೀಟರಾದ್ರೂ ಹಾಕು" ಎಂದಳು ಕೊನೆಗೆ. "ಅದೂ ಕೆಟ್ಟಿದೆ." "ಅಮ್ಮನಿಗಾದ್ರೆ ಹಾಕ್ತಿದ್ದೆ" ಎಂದು ಮಡಿಲಲ್ಲಿದ್ದ ಅಮ್ಮನ ಶಾಲನ್ನು ಬಿಚ್ಚಿ ತಲೆತುಂಬ ಹೊದ್ದುಕೊಂಡಳು.

ಕನ್ನಡಿಯಲ್ಲಿ ಬೂದು ಶಾಲು, ಒಳಗೆ ಅಮ್ಮನದೇ ಮೂಗು, ಅಮ್ಮನದೇ ಗಲ್ಲ. ಅವನು ಕಣ್ಣನ್ನು ಕನ್ನಡಿಯಿಂದ ಕಿತ್ತು ರಸ್ತೆಗೆ ನೆಟ್ಟ. ಹಿಂದಿನಿಂದ ಅಕ್ಕನ ದನಿ ಮೆತ್ತಗಾಗಿ ಬಂತು. ಬೈದದ್ದಕ್ಕೆ ಅವಳಿಗೇ ಬೇಜಾರಾಗಿರಬೇಕು. "ಕೋಪ ಮಾಡ್ಕೋಬೇಡ. ನೀನು ಮಾಡಿದಷ್ಟು ನಾನು ಮಾಡ್ಲಿಲ್ಲ ಅಮ್ಮನಿಗೆ, ಅದು ನನಗೆ ಗೊತ್ತು. ಫೋನ್ ಮಾಡ್ದಾಗೆಲ್ಲ ನಿಂದೇ ಮಾತು. ಕೊನೆ ಕೊನೆಗೆ ರಾತ್ರಿ ನಿದ್ದೇನೇ ಬರಲ್ಲ ಅಂತಿದ್ಲು ಪಾಪ, ಮಂಡಿನೋವಿಗೆ. 'ಆದ್ರೆ ಅವನ ಕಾರಲ್ಲಿ ಕೂತ್ರೆ ಸಾಕು ಕಣೆ, ಎಲ್ಲಿರತ್ತೋ ನಿದ್ದೆ, ಹಾಗೇ ಮೈಮೇಲೆ ಬಂದ್ಬಿಡತ್ತೆ, ವಾರ ಪೂರ್ತಿ ಅದಕ್ಕೇ ಕಾಯ್ತಿರ್ತೀನಿ' ಅಂತಿದ್ಲು."

ಅವನು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಎಂಜಿನ್ನು ಹಿಂದೆ ಗಡಗಡ ಎನ್ನುತ್ತಿತ್ತು. ಅದನ್ನು ತಟ್ಟನೆ ಆರಿಸಿದ. "ಯಾಕೋ?" ಎಂದಳು ಅಕ್ಕ. ಒಂದು ಲಾರಿ ಹಾದುಹೋಯಿತು. ಅವನು ಬಾಯಿ ತೆರೆದ. ಅಕ್ಕ, ಆ ನಿದ್ದೆ— ಎಂದು ಶುರುಮಾಡಬೇಕಿತ್ತು. ಅವಳು ಮುಂದಕ್ಕೆ ಬಾಗಿ ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಅಳುತ್ತಾನೆಂದುಕೊಂಡಿದ್ದಳು. "ಅತ್ಬಿಡೋ" ಎಂದಳು. "ನೀನು ಇನ್ನೂ ಅತ್ತೇ ಇಲ್ಲ." ಆ ಕೈ ಬೆಚ್ಚಗಿತ್ತು. ಅದು ಹಾಗೆಯೇ ಇರಲಿ ಎನ್ನಿಸಿತು, ಇನ್ನೊಂದು ನಿಮಿಷ ಇರಲಿ ಎನ್ನಿಸಿತು. ಆ ನಿಮಿಷದಲ್ಲಿ ಹೇಳಬೇಕೆಂದಿದ್ದ ಮಾತೆಲ್ಲವೂ ಹೋಯಿತು. "ಗೇರು ಸಿಕ್ಕಿಹಾಕ್ಕೊಂಡ ಹಾಗಾಯ್ತು" ಎಂದ. "ಈಗ ಸರಿ ಆಯ್ತು."

ಬಸ್ಸು ಆಗಲೇ ಬಂದು ನಿಂತಿತ್ತು. ಗಂಟುಗಳನ್ನು ಮೇಲಕ್ಕೆ ಹಾಕಿಸಿ, ಅವಳನ್ನು ಕಿಟಕಿ ಪಕ್ಕ ಕೂರಿಸಿ, ನೀರಿನ ಬಾಟಲಿ ಕೊಟ್ಟು ಇಳಿದ. ಡ್ರೈವರು ಇನ್ನೂ ಟೀ ಕುಡಿಯುತ್ತಿದ್ದ. ಅವನು ಕಂಬವೊಂದಕ್ಕೆ ಒರಗಿ ನಿಂತು ಅತ್ತಿತ್ತ ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದಾಗ ಅಕ್ಕ ಕಣ್ಣು ಮುಚ್ಚಿದ್ದಳು. ಶಾಲು ಹೊದ್ದ ತಲೆ ಗಾಜಿಗೆ ಒರಗಿತ್ತು. ಬಾಯಿ ಒಂಚೂರು ತೆರೆದಿತ್ತು. ಅವನು ಓಡಿದ. ಯಾರದೋ ಪೆಟ್ಟಿಗೆಗೆ ಕಾಲು ತಗಲಿತು, ಯಾರೋ ಬೈದರು. ಕಿಟಕಿಯ ಗಾಜನ್ನು ಅಂಗೈಯಿಂದ ದಬದಬ ಬಡಿದ. "ಅಕ್ಕಾ! ಅಕ್ಕಾ! ಏಳು!" ಬಸ್ಸಿನೊಳಗಿನವರೆಲ್ಲ ತಿರುಗಿ ನೋಡಿದರು. ಅಕ್ಕ ಬೆಚ್ಚಿಬಿದ್ದು ಕಣ್ಣುಬಿಟ್ಟು, ಗಾಜು ಸರಿಸಿದಳು. "ಏನೋ? ಏನಾಯ್ತೋ?"

"ತಲೆ ನೋಯ್ತಿದೆಯಾ?"

"ಆಂ?"

"ತಲೆ. ತಲೆ ಭಾರ ಇದೆಯಾ? ವಾಕರಿಕೆ?"

"ಇಲ್ವೋ ಹುಚ್ಚಪ್ಪ. ಸುಸ್ತು. ಎರಡು ದಿನದಿಂದ ನಿದ್ದೆ ಇಲ್ಲ, ಕಣ್ಣು ಮುಚ್ಚಿದೆ, ಅಷ್ಟೆ." ಪಕ್ಕದಲ್ಲಿ ಕೂತವರಿಗೆ, "ನನ್ನ ತಮ್ಮ" ಎಂದು ಸಂಕೋಚದಿಂದ ಹೇಳಿದಳು. ಅವರು ತಲೆಯಾಡಿಸಿದರು. ಡ್ರೈವರು ಹತ್ತಿ ಬಾಗಿಲು ಎಳೆದುಕೊಂಡ. "ಹೋಗು ಮನೆಗೆ. ಅವಳನ್ನ ಚೆನ್ನಾಗಿ ನೋಡ್ಕೋ" ಎಂದು ಅಕ್ಕ ಗಾಜು ಮುಚ್ಚಿದಳು. ಗಾಜಿನ ಮೇಲೆ ಅವನ ಅಂಗೈಯ ಬೆವರಿನ ಗುರುತು ಉಳಿದಿತ್ತು. ಅದರ ಹಿಂದೆ ಅವಳ ಮುಖ ಸರಿಯಾಗಿ ಕಾಣಲಿಲ್ಲ.

ಬಸ್ಸು ಹೋದ ಮೇಲೆ ಅವನು ಕಾರಿನ ಬಳಿಗೆ ಬಂದು ಎರಡೂ ಬಾಗಿಲುಗಳನ್ನು ಹಾರು ಹೊಡೆದು ಗಾಳಿ ಆಡಲು ಬಿಟ್ಟು ಪಕ್ಕದಲ್ಲಿ ನಿಂತ. ಬಸ್ ಸ್ಟ್ಯಾಂಡಿನ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಚಳಿ ಏರುತ್ತಿತ್ತು. ಒಳಗಿನದು ಹೊರಗೆ ಹೋಗಲು ಎಷ್ಟು ಹೊತ್ತು ಬೇಕೋ, ಹೋಗಿದೆಯೋ ಇಲ್ಲವೋ, ಅವನಿಗೆ ತಿಳಿಯುವಂತಿರಲಿಲ್ಲ. ಹೋಗಿಬರುವ ಜನ ಬಾಗಿಲು ತೆರೆದ ಕಾರನ್ನೂ ಅದರ ಪಕ್ಕ ನಿಂತವನನ್ನೂ ನೋಡಿಕೊಂಡು ದಾಟಿದರು. ಒಬ್ಬರನ್ನು ನಿಲ್ಲಿಸಿ, ಒಳಗೆ ಇನ್ನೂ ವಾಸನೆ ಇದೆಯಾ ಎಂದು ಕೇಳಬಹುದಿತ್ತು. ಅವನು ಕೇಳಲಿಲ್ಲ, ನಿಂತೇ ಇದ್ದ.